ಕೆರೆ ಕಾಲುವೆಗೆ ಮನೆಗೊಬ್ಬರು

ಬಸ್ಸು ಬರದೇ ಹೋಗಬಹುದಿತ್ತು. ಬಂದರೂ ಹೋಳೂರಿನಲ್ಲಿ ನಿಲ್ಲಿಸದೆ ನೇರ ಶ್ರೀನಿವಾಸಪುರಕ್ಕೆ ಒಯ್ದು ಇಳಿಸಬಹುದಿತ್ತು. ಗಣರಾಜ್ಯೋತ್ಸವದ ಬಾವುಟದ ಗಂಟು ಬಿಚ್ಚಿಕೊಳ್ಳದೆ, ಹಗ್ಗ ಎಳೆಯುತ್ತಿರುವ ಕೈ ನನ್ನದೇ ಆಗಿದ್ದು, ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಬಹುದಿತ್ತು. ಮೈಕು ಕಿರುಚಬಹುದಿತ್ತು. ಮೈಕು ಸರಿಯಾಗಿದ್ದು ನಾನೇ ಕಿರುಚಬಹುದಿತ್ತು. ನಾನು ಆಡಿದ ಒಂದು ಮಾತನ್ನು ಆ ಪಕ್ಷದವರು ಈ ಪಕ್ಷದ್ದೆಂದೂ ಈ ಪಕ್ಷದವರು ಆ ಪಕ್ಷದ್ದೆಂದೂ ತಿಳಿಯಬಹುದಿತ್ತು. ಯಾರಾದರೂ ತೆಲುಗಿನಲ್ಲಿ ಪ್ರಶ್ನೆ ಕೇಳಿ, ನಾನು ನನ್ನ ತೆಲುಗಿನಲ್ಲಿ ಉತ್ತರ ಹೇಳಿ, ಸಭೆಯೆಲ್ಲಾ ನಗಬಹುದಿತ್ತು. ಕಾಲುವೆಯಲ್ಲಿ ಹಾವಿರಬಹುದಿತ್ತು. ಇವೆಲ್ಲವನ್ನೂ ಹಿಂದಿನ ವಾರವೇ ಯೋಚಿಸಿ ಮುಗಿಸಿದ್ದೆ. ಮೊದಲೇ ಯೋಚಿಸಿದ್ದು ನಡೆಯುವುದಿಲ್ಲ ಎಂಬ ನಂಬಿಕೆಯಿಂದ ನಾನು ಆದಷ್ಟೂ ಹೆಚ್ಚು ಯೋಚಿಸುತ್ತೇನೆ. ಊರಿಗೆ ನನ್ನಿಂದ ಆಗುವ ಸೇವೆ ಅದೊಂದೇ.

ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಭಾಷಣದಿಂದ ನಮ್ಮ ಚಿಕ್ಕಮ್ಮ ಡೈರಿಗೆ ಹಾಕುವ ಹಾಲು ನಿಂತುಹೋಗಬಹುದಿತ್ತು.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವನು. ನಮ್ಮ ಊರು ಹೋಳೂರಿನಿಂದ ಒಳಕ್ಕೆ. ಊರಿನ ಕೆರೆಗೆ ನೀರು ತರುವ ಕಾಲುವೆ ಹೂಳು, ಜಾಲಿ, ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡಿತ್ತು. ವರ್ಷಕ್ಕೊಮ್ಮೆ ಮನೆಗೊಬ್ಬರು ಬಂದು ಅದನ್ನು ತೆಗೆಯುವುದು ಹಳೆಯ ಪದ್ಧತಿ. ಈಚೆಗೆ ಬರುತ್ತಿದ್ದವರು ಅದೇ ಎಂಟು ಹತ್ತು ಜನ. ಉಳಿದವರಲ್ಲಿ ಕೆಲವರು ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಎನ್ನುತ್ತಿದ್ದರು, ಕೆಲವರು ಮಾರ್ಕೆಟ್ಟಿಗೆ ಟೊಮೇಟೊ ಹಾಕಬೇಕು ಎನ್ನುತ್ತಿದ್ದರು, ಕೆಲವರು ಏನೂ ಅನ್ನದೆ ಟೀ ಅಂಗಡಿಯಲ್ಲಿ ಕೂತಿರುತ್ತಿದ್ದರು.

ಊರಿನ ಹಾಲಿನ ಡೈರಿಯ ಕಾರ್ಯದರ್ಶಿ, ಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದವನು, ಇದಕ್ಕೊಂದು ದಾರಿ ಕಂಡುಹಿಡಿದ. ಯಾರ ಮನೆಯಿಂದ ಕಾಲುವೆಗೆ ಒಬ್ಬರು ಬರುವುದಿಲ್ಲವೋ ಅವರ ಹಾಲನ್ನು ಒಂದು ವಾರ ಡೈರಿಯಲ್ಲಿ ಹಾಕಿಸಿಕೊಳ್ಳುವುದಿಲ್ಲ. ಹೊತ್ತಾರೆ ಸಾಯಂಕಾಲ ಕ್ಯಾನು ಹಿಡಿದು ಡೈರಿಗೆ ಬರದ ಮನೆಯೇ ನಮ್ಮಲ್ಲಿ ಇಲ್ಲವಾದ್ದರಿಂದ ಇದು ಎಲ್ಲರನ್ನೂ ಮುಟ್ಟುವ ಉಪಾಯ. ಗಣರಾಜ್ಯೋತ್ಸವದ ದಿನ ನಿರ್ಣಯ ಮಾಡುವುದು, ಮುಂದಿನ ಭಾನುವಾರ ಕೆಲಸ. ನಿರ್ಣಯಕ್ಕೆ ಮೊದಲು ನಾನು ಬಂದು, ಕೆರೆ ಕಾಪಾಡುವುದು ಸಂವಿಧಾನದಲ್ಲೇ ಇರುವ ಕರ್ತವ್ಯ ಎಂದು ಮಾತಾಡಬೇಕು.

"ಅದ್ರಲ್ಲಿ ಬರ್ದಿದೆಯೋ ಇಲ್ವೋ?" ಎಂದು ಫೋನಿನಲ್ಲಿ ಕೇಳಿದ.

ಬರೆದಿದೆ, ಆದರೆ, ಎಂದೆ.

"ಆದರೆ ಗೀದರೆ ಕಾಲೇಜಲ್ಲಿ ಇಟ್ಕೊ. ಬಾ."

ಅವನು ಫೋನಿಟ್ಟ ಮೇಲೆ ಚಿಕ್ಕಮ್ಮನ ಫೋನು. ಚಿಕ್ಕಪ್ಪ ಇಲ್ಲ. ಮಗಳನ್ನು ಮುಳಬಾಗಿಲಿಗೆ ಕೊಟ್ಟಿದೆ. ಚಿಕ್ಕಮ್ಮ ಎರಡು ಸೀಮೆಹಸು ಕಟ್ಟಿಕೊಂಡು, ಆ ಹಾಲಿನಲ್ಲೇ ಸಂಸಾರ ತೂಗಿಸಿಕೊಂಡು, ಎಲ್ಲರಿಗೂ ಬುದ್ಧಿ ಹೇಳಿಕೊಂಡು ಗಟ್ಟಿಯಾಗಿಯೇ ಇದ್ದಾಳೆ. ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ. ಗುದ್ದಲಿ ಹಿಡಿದು ಬಗ್ಗಲಾರಳು. ಕೂಲಿಗೆ ಯಾರನ್ನಾದರೂ ಕಳಿಸೋಣವೆಂದರೆ ಆ ದಿನ ಎಲ್ಲರೂ ಅವರವರ ಮನೆಯ ಪರವಾಗಿಯೇ ಕಾಲುವೆಯಲ್ಲಿರುತ್ತಾರೆ.

"ನೀನು ಬಂದು ಕಾನೂನು ಅಂದ್ಬಿಟ್ರೆ ಮುಗೀತು ಕಣಪ್ಪ," ಎಂದಳು. "ಈ ವಾರ ಹಾಲು ಇಳಿಸ್ಬೇಡ ಅಂತ ಹಸುಗೆ ಹೇಳಕ್ಕಾಗುತ್ತಾ?"

ನಿನ್ನ ಪರವಾಗಿ ನಾನೇ ಬರುತ್ತೇನೆ ಎಂದೆ. ನನ್ನ ಮೊಣಕಾಲಿಗಿಂತ ಮೊದಲು ನಿನ್ನ ಸೊಂಟ ಹೋಗುತ್ತದೆ, ಅಲ್ಲದೆ ಬರುವ ವರ್ಷ ಏನು ಮಾಡಲಿ ಎಂದಳು.

ಕರ್ತವ್ಯವನ್ನು ಕಡ್ಡಾಯ ಮಾಡಬಹುದೇ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂದು ಪಾಠ ಹೇಳಿದ ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತರಗತಿಯಲ್ಲಿ ಎರಡೂ ಕಡೆ ಹೇಳಿ ಗಂಟೆ ಹೊಡೆಯುವುದನ್ನು ಕಾಯುತ್ತಿದ್ದೆ. ಮೂಲಭೂತ ಹಕ್ಕು ಹೋದರೆ ಕೋರ್ಟಿಗೆ ಹೋಗಬಹುದು, ಮೂಲಭೂತ ಕರ್ತವ್ಯ ತಪ್ಪಿದರೆ ಅದೊಂದನ್ನೇ ಹಿಡಿದು ಯಾರಿಗೂ ಶಿಕ್ಷೆ ಕೊಡಲು ಬರುವುದಿಲ್ಲ. ಶಾಸನಸಭೆ ಬೇಕೆಂದರೆ ಬೇರೆ ಕಾನೂನು ಮಾಡಿಕೊಳ್ಳಬೇಕು. ಕಡ್ಡಾಯ ಮಾಡಬೇಕು ಎನ್ನುವವರಿದ್ದಾರೆ, ಬೇಡ ಎನ್ನುವವರಿದ್ದಾರೆ. ಬರೆದುಕೊಳ್ಳಿ. ಹುಡುಗರು ಬರೆದುಕೊಳ್ಳುತ್ತಿದ್ದರು. ಎರಡೂ ಕಡೆಯವರು ನನ್ನ ಪಾಠದಲ್ಲಿ ಬಹಳ ಸೌಹಾರ್ದದಿಂದ ಇದ್ದರು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಬಾವುಟ ಸಲೀಸಾಗಿ ಬಿಚ್ಚಿಕೊಂಡಿತು. ನಾನು ಎದ್ದು ನಿಂತು ಆ ಕಡೆ ಈ ಕಡೆ ಎರಡನ್ನೂ ಹೇಳಿದೆ. ಕೆರೆ, ಕಾಡು, ನದಿಗಳನ್ನು ಕಾಪಾಡಬೇಕು ಎಂದಿರುವ ಕಡೆಯೇ ಜೀವಿಗಳ ಮೇಲೆ ದಯೆ ಇರಬೇಕು ಎಂದೂ ಇದೆ ಎಂದೆ. ಇಲ್ಲಿ ಚಿಕ್ಕಮ್ಮನ ಹಸುಗಳು ನನ್ನ ಮನಸ್ಸಿನಲ್ಲಿದ್ದವು. ಮುಂದಿನ ಸಾಲಿನ ಮುದುಕರೊಬ್ಬರು ಕೈಯೆತ್ತಿ, "ಅವುನಾ, ಕಾದಾ? ಅಷ್ಟು ಹೇಳಪ್ಪ ಸಾಕು," ಎಂದರು.

ಹೌದೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಬೇಕಾಗಿ ಬಂದದ್ದು ನನ್ನ ಮದುವೆಯ ಮಾತುಕತೆಯ ನಂತರ ಅದೇ ಮೊದಲು. ಕರ್ತವ್ಯ ಇದೆ, ಶಿಕ್ಷೆ ಇಲ್ಲ, ಕೆರೆಯ ಹೆಸರಿನಲ್ಲಿ ಯಾರ ಹಾಲನ್ನೂ ನಿಲ್ಲಿಸಿ ಎಂದು ಸಂವಿಧಾನ ಹೇಳುವುದಿಲ್ಲ, ಎಂದೆ. ಹೇಳಿ ಕೂರಲು ಕುರ್ಚಿ ಹುಡುಕಿದೆ.

ಕಾರ್ಯದರ್ಶಿ ಸಿಟ್ಟಾಗಲಿಲ್ಲ. ಮೈಕು ತೆಗೆದುಕೊಂಡು ನನ್ನ ಕಡೆಗೇ ತಿರುಗಿದ.

"ಲೇ, ನಿನ್ ಕ್ಲಾಸಲ್ಲಿ ಈ ಪಾಠ ಪರೀಕ್ಷೆಗೆ ಬರಲ್ಲ ಅಂತ ಮೊದಲೇ ಹೇಳ್ಬಿಡು. ಆಮೇಲೆ ಎಷ್ಟು ಜನ ಕೂತ್ಕೊತಾರೆ ನೋಡು. ಶಿಕ್ಷೆ ಇಲ್ಲ ಅಂತ ಗೊತ್ತಿದ್ದೂ ಬಂದು ಮಣ್ಣು ಹೊತ್ತೋರು ನಾವು ಹತ್ತು ಜನ. ನಮಗೆ ಮಾತ್ರಾನಾ ಕೆರೆ?"

ಪರೀಕ್ಷೆಗೆ ಬರುತ್ತದೆ ಎಂದು ಹೇಳಿದಾಗಲೂ ಎಷ್ಟು ಜನ ಕೂರುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಅವನ ಜಡ್ಡುಗಟ್ಟಿದ ಅಂಗೈಯನ್ನೂ ಅವನ ಪಕ್ಕ ನಿಂತಿದ್ದ ಆ ಹತ್ತು ಜನರಲ್ಲಿ ಕೆಲವರನ್ನೂ ನೋಡಿದಾಗ, ಕಡ್ಡಾಯ ಬೇಡ ಎಂಬ ನನ್ನ ವಾದವೆಲ್ಲ ಮಣ್ಣು ಹೊರದವರ ವಾದದಂತೆ ಕೇಳಿಸಿತು. ಅವನು ಹೇಳಿದ್ದು ಸರಿ. ಅದು ಸರಿಯಾದಷ್ಟೂ ಚಿಕ್ಕಮ್ಮನ ಹಾಲು ಹೋಯಿತೆಂದೇ ಲೆಕ್ಕ.

ಆಗ ಹೆಂಗಸರ ಕಡೆಯಿಂದ ಅವಳೇ ಎದ್ದಳು.

"ಏನಪ್ಪಾ ಸೆಕ್ರೆಟ್ರಿ, ನಿಮ್ಮಪ್ಪ ಕಾಲ್ವೆ ತೆಗೀವಾಗ ಅವರಿಗೆ ಸಾರು ಹೊತ್ಕೊಂಡು ಹೋಗಿ ಬಡಿಸಿದ್ದು ಯಾರು? ಗಂಡಸರು ಇಲ್ದಿರೋ ಮನೆಯೋರು ಅಡಿಗೆ ಮಾಡಿ ಕಳಿಸ್ತಾ ಇರ್ಲಿಲ್ವಾ? ಅದು ನಿನ್ ಕಾನೂನಲ್ಲಿ ಎಲ್ಲಿ ಹೋಯ್ತು?"

ಸಭೆಯಲ್ಲಿ ಹೌದು ಹೌದು ಎಂಬ ಸದ್ದಾಯಿತು. ಗುದ್ದಲಿ ಹಿಡಿಯಲಾರದ ಮನೆಯಿಂದ ಮಧ್ಯಾಹ್ನದ ಊಟ ಬರುತ್ತಿದ್ದುದು ಎಲ್ಲರಿಗೂ ನೆನಪಿತ್ತು. ಯಾರ ಮನೆಯಿಂದ ಏನು ಬರಬೇಕೆಂದು ಯಾರೂ ಹೇಳಿದ್ದಿಲ್ಲ. ಹೆಂಗಸರು ಹಿಂದಿನ ದಿನ ನಲ್ಲಿಯ ಹತ್ತಿರ ಮಾತಾಡಿಕೊಂಡು ಹಂಚಿಕೊಳ್ಳುತ್ತಿದ್ದರು. ನಿಯಮ ಮಾಡುವಾಗ ಕಾರ್ಯದರ್ಶಿಯ ಕಣ್ಣಿಗೆ ಬಿದ್ದಿದ್ದವರು ಕೆಲಸಕ್ಕೆ ಬರದೇ ಇದ್ದವರು ಮಾತ್ರ. ಅವನು ಆಯಿತಮ್ಮ, ಸಾರು ತಂದರೂ ಕರ್ತವ್ಯ ಮುಗಿದ ಹಾಗೆ ಎಂದ. ಎಲ್ಲರೂ ಕೈಯೆತ್ತಿದರು. ಮುಂದೆ ತಕರಾರು ಬರದ ಹಾಗೆ ನಿರ್ಣಯ ಬರೆಯುವ ಕೆಲಸವನ್ನು ನನಗೇ ಕೊಟ್ಟರು, ಓದಿದವನೆಂದು.

ನಾನು ಬಹಳ ಯೋಚಿಸಿ ಬರೆದೆ. ಬರುವವರು ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ಕಾಯಿಲೆ, ಸಾವು, ಬಾಣಂತನ ಇದ್ದ ಮನೆಗೆ ವಿನಾಯಿತಿ. ಮಳೆ ಬಂದರೆ ಮುಂದಿನ ಭಾನುವಾರ. ಶಿಫ್ಟಿನವರು ಅರ್ಧ ದಿನ ಬಂದರೆ ಸಾಕು. ಗುದ್ದಲಿ ಹಿಡಿಯಲಾಗದ ಮನೆಯವರು ಸಾರು ತರತಕ್ಕದ್ದು. ಮೂರು ಸಲ ಓದಿ, ಎಲ್ಲಿಯೂ ತೂತಿಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟೆ. ಕಾರ್ಯದರ್ಶಿ ಅದನ್ನು ಡೈರಿಯ ಗೋಡೆಗೆ ಅಂಟಿಸಿದ.

ಭಾನುವಾರ ನಾನೂ ಹೋದೆ. ನನ್ನ ಸೊಂಟದ ವಿಷಯದಲ್ಲಿ ಚಿಕ್ಕಮ್ಮ ಹೇಳಿದ್ದು ಪೂರ್ತಿ ನಿಜವಾಗಲಿಲ್ಲ. ಜನ ಬಂದಿದ್ದರು. ಟೀ ಅಂಗಡಿಯ ಬೆಂಚು ಖಾಲಿ ಇತ್ತು. ಮಾಲೂರಿಗೆ ಹೋಗುವ ಹುಡುಗರು ರಾತ್ರಿ ಪಾಳಿ ಮುಗಿಸಿ ನೇರ ಕಾಲುವೆಗೇ ಇಳಿದರು. ಹಾಲಿನ ಭಯಕ್ಕೆ ಬಂದರೋ ಕೆರೆಯ ಮೇಲಿನ ಪ್ರೀತಿಗೆ ಬಂದರೋ ಎಂದು ನಾನು ಕೇಳಲಿಲ್ಲ. ಹೂಳು ಅದನ್ನು ವಿಚಾರಿಸುವ ಹಾಗೆ ಕಾಣಲಿಲ್ಲ. ಹಾವು ಇರಲಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಕೆರೆಯ ಬಾಯಿಯವರೆಗೆ ಕಾಲುವೆ ಬಿಡಿಸಿಯಾಗಿತ್ತು.

ಊಟಕ್ಕೆಂದು ಎಲ್ಲರೂ ಕಟ್ಟೆ ಹತ್ತಿದೆವು. ಚಿಕ್ಕಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಅವರೆಕಾಳು ಸಾರು. ಅವಳ ಪಕ್ಕದ ಮನೆಯವಳು ಮುಚ್ಚಳ ತೆಗೆದಳು. ಅವರೆಕಾಳು ಸಾರು. ಆಚೆಯ ಪಾತ್ರೆಯಲ್ಲಿ ಹುರುಳಿಕಾಳು ಸಾರು, ಅದರಾಚೆ ಸೊಪ್ಪಿನ ಸಾರು. ಕಟ್ಟೆಯುದ್ದಕ್ಕೂ ಸಾರು. ಮುದ್ದೆ ಯಾವ ಪಾತ್ರೆಯಲ್ಲೂ ಇರಲಿಲ್ಲ. ಅನ್ನವೂ ಇರಲಿಲ್ಲ.

ಗುದ್ದಲಿ ಕೆಳಗಿಟ್ಟು ಬಂದವರು ತಟ್ಟೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ಕಾರ್ಯದರ್ಶಿ ತಟ್ಟೆ ಇಟ್ಟು, ಸಾರು ಕುಡಿಯಲು ಲೋಟ ತೆಗೆದುಕೊಂಡ. ಆಗೆಲ್ಲ ಸಾರಿನ ಜೊತೆ ನೀನು ಒಂದು ಬುಟ್ಟಿ ಮುದ್ದೆಯನ್ನೂ ಕಟ್ಟಿ ತರುತ್ತಿದ್ದೆಯಲ್ಲ, ಈ ಸಲ ಯಾಕೆ ತರಲಿಲ್ಲ ಎಂದು ಚಿಕ್ಕಮ್ಮನನ್ನು ಕೇಳಿದೆ.

"ಮುದ್ದೆ ಅಂತ ನೀನು ಬರ್ದಿದ್ಯಾ?" ಎಂದಳು ಅವಳು. "ಬರ್ದಿಲ್ದೇ ಇರೋದು ತಂದು, ಅದಕ್ಕೂ ಏನಾದ್ರೂ ತಕರಾರು ತೆಗುದ್ರೆ, ಸಾಯಂಕಾಲ ನನ್ ಹಾಲು ಹಾಕಿಸ್ಕೊಳೋರು ಯಾರು?"

ನಾನೂ ಒಂದು ಲೋಟ ತೆಗೆದುಕೊಂಡೆ.