ಕಿವಿಗೂ ಬೆರಳಿಗೂ ನಡುವೆ ಆರು ಕಾಳು

ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಎಪ್ಪತ್ತರ ದಶಕದಲ್ಲಿ ಬಾದಾಮಿಯ ನಮ್ಮ ಓಣಿಯ ಮಕ್ಕಳಿಗೆ ಸಾಲೆಯಲ್ಲಿ ಹೆಸರು ಹಚ್ಚುವ ಮೊದಲು ಇದ್ದ ಪರೀಕ್ಷೆ ಇದೊಂದೇ. ಹುಟ್ಟಿದ ದಿನವನ್ನು ಬರೆದಿಟ್ಟ ಮನೆಗಳು ಕಡಿಮೆ. ಬೆರಳು ಕಿವಿಗೆ ಸಿಕ್ಕರೆ ಮಾಸ್ತರರು ಆರು ವರ್ಷ ತುಂಬಿದೆ ಎಂದು ಬರೆದುಕೊಳ್ಳುತ್ತಿದ್ದರು. ನನ್ನ ಬೆರಳು ಸಿಗಲಿಲ್ಲ.

ಆ ವರ್ಷ ನನ್ನ ತಮ್ಮ ಹುಟ್ಟಿದ್ದ. ಅವ್ವ ಬಾಣಂತನದಲ್ಲಿ ಸೊರಗಿದ್ದಳು. ಸಾಲೆಯೂ ಇಲ್ಲದ ನನ್ನನ್ನು ದಿನವಿಡೀ ನೋಡಿಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ. ಅಪ್ಪ ನನ್ನನ್ನು ಇಳಕಲ್ಲಿಗೆ, ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದ. ನನಗೆ ಅವಳು ಅತ್ತೆ. ಅತ್ತೆ ಮಾವನಿಗೆ ಮಕ್ಕಳಿರಲಿಲ್ಲ.

"ಒಂದ ವರ್ಷದ ಮಾತಕ್ಕಾ," ಎಂದ ಅಪ್ಪ. "ಕೈ ಕಿವಿಗೆ ಮುಟ್ಟಿದ್ದ ದಿನಾ ಕರಕೊಂಡ ಹೊಕ್ಕೇನಿ. ಅಲ್ಲೀಮಟಾ ನಾಕ ಅಕ್ಷರ ಕಲಸು."

"ಕರಕೊಂಡ ಹೋಗಪಾ. ನಿನ್ನ ಮಗಳನ್ನ ನಾ ಏನ ಇಟಗೊಂಡ ಕುಂದರ್ತೇನೇನು?" ಎಂದಳು ಅತ್ತೆ.

ಹೀಗೆ ನಾನು ಆ ಮನೆಯಲ್ಲಿ ಎಷ್ಟು ದಿನ ಇರಬೇಕು ಎಂಬುದು ನನ್ನ ತೋಳಿನ ಉದ್ದದ ಮೇಲೆ ನಿಂತಿತು.

ಮನೆಯ ಮುಂದಿನ ಖೋಲಿಯಲ್ಲಿ ಕುಣಿಮಗ್ಗ. ಮಾವ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಅತ್ತೆ ಪಕ್ಕದಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನಗೆ ಕಲಿಸಲೆಂದು ಅವಳು ಕೆಲಸ ನಿಲ್ಲಿಸಿದ್ದು ನನಗೆ ನೆನಪಿಲ್ಲ. ಕೈಗೆ ಸಿಕ್ಕಿದ್ದರಲ್ಲೇ ಪಾಠ ಇರುತ್ತಿತ್ತು.

ಮಗ್ಗ ನಿಲ್ಲುತ್ತಿದ್ದುದು ಅಮಾವಾಸ್ಯೆಗೆ. ನಾನು ಹೋದ ಮೇಲೆ ಬಂದ ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆ. ಮಾವ ಹಳ್ಳದ ದಂಡೆಯಿಂದ ಕರಿಮಣ್ಣು ತಂದು ಜೋಡೆತ್ತು ಮಾಡಿದ. ಅವುಗಳ ಮುಂದೆ ಇಡಲು ಮೇವಿನ ಗೋದಲಿ ಮಾಡುವ ಕೆಲಸ ನನ್ನದು. ಗೋದಲಿ ಎರಡು ಸಲ ಕುಸಿಯಿತು. ಮೂರನೆಯ ಸಲ ಅತ್ತೆ ಮಣ್ಣಿಗೆ ಒಂದಿಷ್ಟು ಚಿಂದಿ ನೂಲು ಕಲಸಿಕೊಟ್ಟಳು, ನಿಂತಿತು. ಆಮೇಲೆ ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕೈಯನ್ನು ತಲೆಯ ಮೇಲಿಂದ ತರಿಸಿ, ಬೆರಳ ತುದಿಯಿಂದ ಕಿವಿಯವರೆಗೆ ಜೋಳದ ಕಾಳುಗಳನ್ನು ಒಂದರ ಕೆಳಗೊಂದು ಹಿಡಿದು ನೋಡಿದಳು.

"ಏನ ಅಳಿಯಾಕತ್ತೀಯ?" ಎಂದು ಮಾವ ಕೇಳಿದ.

"ವಯಸ್ಸು."

"ಜೋಳದಾಗ?"

"ನಿಮ್ಮ ವಯಸ್ಸಾದ್ರ ಚೀಲ ಬೇಕಾಗ್ತಿತ್ತು. ಈ ಕೂಸಿಗೆ ಆರ ಕಾಳ ಸಾಕು."

ಮಗ್ಗದ ಬದಿಯ ಗೋಡೆಯ ಮೇಲೆ ಅವಳು ಕೆಮ್ಮಣ್ಣಿನಲ್ಲಿ ಆರು ಚುಕ್ಕೆ ಇಟ್ಟಳು. ಪ್ರತಿ ಅಮಾವಾಸ್ಯೆಗೂ ಅಳೆದು, ಉಳಿದ ಕಾಳುಗಳಷ್ಟು ಚುಕ್ಕೆಗಳ ಹೊಸ ಸಾಲನ್ನು ಹಳೆಯದರ ಕೆಳಗೆ ಇಡುವುದು ಎಂದು ಗೊತ್ತಾಯಿತು. ಕೂಡುವುದಕ್ಕಿಂತ ಮೊದಲು ನಾನು ಕಳೆಯುವುದನ್ನು ಕಲಿತೆ.

ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುತ್ತಿದ್ದೆವು. ಮಣ್ಣಿನ ಸಣ್ಣ ದೇವಿ, ಕಣ್ಣಿಗೆ ಗುಲಗಂಜಿ, ಕೊರಳಿಗೆ ಕುಸುಬಿಯ ಕಾಳು. ಸರಕ್ಕೆ ಹತ್ತು ಕಾಳು ಎಂದು ಅತ್ತೆ ಹೇಳಿದರೆ ನಾನು ಎಣಿಸಿ ಒತ್ತಬೇಕು. ಹನ್ನೊಂದಾದರೆ ಗುಳ್ಳವ್ವನ ಕೊರಳು ನೋಯುತ್ತದೆ ಎನ್ನುತ್ತಿದ್ದಳು. ಸಂಜೆ ಓಣಿಯ ಹುಡುಗಿಯರೊಂದಿಗೆ ಹೋಗಿ ಹಳ್ಳಕ್ಕೆ ಬಿಡುವಾಗ ನಾನು ಕೊಡಲೊಲ್ಲೆ ಎಂದು ಗುಳ್ಳವ್ವನನ್ನು ಲಂಗದೊಳಗೆ ಬಚ್ಚಿಟ್ಟುಕೊಂಡೆ.

"ಇಟಗೊಂಡ್ರ ಒಣಗಿ ಬಿರುಕ ಬಿಡ್ತಾಳ ತಂಗಿ," ಎಂದಳು ಅತ್ತೆ. "ಬಿಡು. ಮುಂದಿನ ವಾರ ಮತ್ತ ಮಾಡೂಣು."

ಬಿಟ್ಟೆ. ಮುಂದಿನ ವಾರ ಮತ್ತೆ ಮಾಡಿದೆವು. ಕೇಳಿದ್ದನ್ನು ಮತ್ತೆ ಮಾಡಿಕೊಡುವವರು ಇರುವಾಗ ಬಿಡುವುದು ಅಷ್ಟು ಕಷ್ಟವಲ್ಲ ಎಂದು ಆಗ ಅನ್ನಿಸಿತ್ತು.

ಆದರೆ ಆ ವರ್ಷವೆಂದರೆ ನನಗೆ ಮೊದಲು ನೆನಪಾಗುವುದು ನೂಲಿನ ಅಕ್ಷರಗಳು. ಸೀರೆಯ ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಬಿಗುವು ಬರಲು ಗಂಜಿ ಹಾಕುತ್ತಾರೆ. ಆ ಗಂಜಿ ಬೋಗುಣಿಯ ತಳದಲ್ಲಿ ಉಳಿಯುತ್ತಿತ್ತು. ಅತ್ತೆ ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಅಕ್ಷರ ಬರೆಯುವಳು. ನಾನು ಚಿಂದಿ ನೂಲಿನ ಎಳೆಗಳನ್ನು ಹೊಸೆದು, ಗಂಜಿಯಲ್ಲಿ ಅದ್ದಿ, ಬರೆದ ಗೆರೆಯ ಮೇಲೆ ಕೂಡಿಸಬೇಕು. ಎಲ್ಲಿಂದ ಶುರು, ಎಲ್ಲಿ ತಿರುವು, ಎಲ್ಲಿ ಕೊನೆ, ಎಲ್ಲವೂ ಬೆರಳಿಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅದು ಸೆಟೆದು ಒಣಗುವುದು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಅಕ್ಷರ ಕಲ್ಲು ಬಿಟ್ಟು ಅಂಗೈಗೆ ಬರುತ್ತಿತ್ತು. ಕೆಂಪು, ಹಸಿರು, ದಾಳಿಂಬೆ ಬಣ್ಣ. ಅಂದು ಮಗ್ಗದ ಮೇಲಿದ್ದ ಸೀರೆಯ ಬಣ್ಣವೇ ಅಂದಿನ ಅಕ್ಷರದ ಬಣ್ಣ.

ಅಕ್ಷರಗಳು ಒಂದು ತಗಡಿನ ಡಬ್ಬಿಯಲ್ಲಿ ಸೇರಿದವು. ಸಂಜೆ ಅತ್ತೆ ಅವನ್ನು ಉಡಿಯಲ್ಲಿ ಸುರುವಿಕೊಂಡು ಕೂಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಉಡಿಗೆ ಕೈಹಾಕಿ ಒಂದನ್ನು ಹಿಡಿದು, ತೆಗೆಯುವ ಮೊದಲೇ ಅದು ಯಾವುದೆಂದು ಹೇಳಬೇಕು. ಸರಿಯಿದ್ದರೆ ಪುಠಾಣಿ, ಬೆಲ್ಲ. ತಪ್ಪಿದರೆ ಅಕ್ಷರ ಮತ್ತೆ ಉಡಿಗೆ. ಅತ್ತೆ ಓದಿದ್ದು ಎರಡೇ ಇಯತ್ತೆ. ಕೆಲವು ಅಕ್ಷರಗಳ ಬಳಿ ಅವಳ ನೆನಪು ನಿಂತುಬಿಡುತ್ತಿತ್ತು.

"ಇದರ ಮುಂದ ಯಾವದ್ರಿ?" ಎಂದು ಮಾವನನ್ನು ಕೇಳುವಳು.

"ನನ್ನ ಕೇಳಬ್ಯಾಡ. ನಂದು ಹೆಬ್ಬಟ್ಟು. ಬೇಕಾದ್ರ ಅದನ್ನ ಗಂಜಿಯಾಗ ಎದ್ದಿ ಒಣಗಸು."

ನಾವಿಬ್ಬರೂ ನಕ್ಕ ನಗೆಗೆ ಅಕ್ಷರಗಳೆಲ್ಲ ಉಡಿಯಿಂದ ಚೆಲ್ಲಿದವು.

ಸುಗ್ಗಿಯಲ್ಲಿ ಜೋಳದ ದಂಟು ಸೀಳಿ, ಒಳಗಿನ ಬೆಂಡಿನಿಂದ ಗಾಲಿ, ಹೊರಗಿನ ಸಿಬಿರಿನಿಂದ ಮೂಕಿ ಮಾಡಿ ಚಕ್ಕಡಿ ಕಟ್ಟಿದೆವು. ಗಾಲಿ ದುಂಡಗೆ ಬರದೆ ಅದು ಕುಂಟುತ್ತ ಹೋಗುತ್ತಿತ್ತು. ಹೊಸ ಕ್ಯಾಲೆಂಡರು ಬಂದಾಗ ಹಳೆಯದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಾಗದದ ಚಾಪೆ ಹೆಣೆದೆ. ಒಂದು ಮೇಲೆ, ಒಂದು ಕೆಳಗೆ. ಮಾವ ಕುಣಿಯಿಂದ ಬಗ್ಗಿ ನೋಡಿ, "ಒಂದ ಎಳಿ ತಪ್ಪೇತಿ, ಬಿಚ್ಚು," ಎಂದ. ಸೀರೆ ನೋಡುವ ಕಣ್ಣಿನಿಂದಲೇ ಅವನು ನನ್ನ ಚಾಪೆಯನ್ನೂ ನೋಡುತ್ತಿದ್ದ. ಅದು ನನಗೆ ದೊಡ್ಡ ಗೌರವವಾಗಿತ್ತು.

ಗೋಡೆಯ ಮೇಲೆ ಚುಕ್ಕೆಗಳು ಐದಾದವು, ನಾಲ್ಕಾದವು. ಶಿವರಾತ್ರಿಯ ಹೊತ್ತಿಗೆ ಎರಡು. ಅಷ್ಟರಲ್ಲಿ ನಾನು ಬಸ್ಸಿನ ಹಣೆಯ ಮೇಲಿನ ಊರ ಹೆಸರುಗಳನ್ನು ಓದುತ್ತಿದ್ದೆ. ಓಣಿಯಲ್ಲಿ ಯಾರಾದರೂ, "ಏನ ಶಾಣೇಕಿ ಅದಾಳಬೇ ನಿಮ್ಮ ಹುಡಿಗಿ, ಸಾಲಿ ಕಲತಕಿ ಆದ್ಲು," ಎಂದರೆ ಅತ್ತೆಯ ಮುಖ ಮೊದಲು ಅರಳಿ ಆಮೇಲೆ ಇಳಿಯುತ್ತಿತ್ತು. "ಇನ್ನಾ ಎಲ್ಲಿ ಬಂತ ಬಿಡ್ರಿ, ಭಾಳ ಕಲಿಯೂದೈತಿ," ಎನ್ನುವಳು.

ಯುಗಾದಿಯ ಅಮಾವಾಸ್ಯೆಗೆ ಒಂದು ಚುಕ್ಕೆ ಉಳಿಯಿತು. ಮುಂದಿನ ಅಮಾವಾಸ್ಯೆಗೆ ನಾನೇ ಹೋಗಿ ಗೋಡೆಗೆ ಆನಿಸಿ ನಿಂತೆ.

"ಅತ್ತಿ, ಅಳಿ."

"ಜ್ವಾಳ ತೀರ್ಯಾವು," ಎಂದಳು. ಅವಳು ಹಾಗೆ ಹೇಳುವಾಗ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

ನಾನೇ ಕೈ ಎತ್ತಿ ನೋಡಿಕೊಳ್ಳಬಹುದಿತ್ತು. ನೋಡಿಕೊಳ್ಳಲಿಲ್ಲ. ಅಳೆಯುವುದು ಅತ್ತೆಯ ಕೆಲಸ ಎಂದು ಸುಮ್ಮನಾದೆನೋ, ಬೇರೆ ಕಾರಣವಿತ್ತೋ, ಈಗ ಖಚಿತವಾಗಿ ಹೇಳಲಾರೆ.

ಸಾಲೆ ಶುರುವಾಗುವ ಹೊತ್ತಿಗೆ ಅಪ್ಪನ ಕಾರ್ಡು ಬಂತು. ಕೂಸನ್ನು ಕರೆದುಕೊಂಡು ಬಾ, ಈ ಸಲ ಹೆಸರು ಹಚ್ಚಿ ನೋಡೋಣ ಎಂದಿತ್ತು. ಅದನ್ನು ಅತ್ತೆಗೆ ಓದಿ ಹೇಳಿದವಳು ನಾನೇ.

ಹೊರಡುವ ದಿನ ಬೆಳಿಗ್ಗೆ ಅತ್ತೆ ನನಗೆ ತಲೆ ಬಾಚಲು ಬಹಳ ಹೊತ್ತು ತೆಗೆದುಕೊಂಡಳು. ಚಿಂದಿ ರೇಷ್ಮೆಯ ಒಂದು ಉಂಡೆ ಮಾಡಿ ನೆತ್ತಿಯ ಮೇಲಿಟ್ಟು, ಅದರ ಸುತ್ತ ಕೂದಲು ಸುತ್ತಿ, ಪಿನ್ನು ಚುಚ್ಚಿ, ಮೇಲೆ ಅಬ್ಬಲಿಗೆಯ ದಂಡೆ ಕಟ್ಟಿದಳು. ಕನ್ನಡಿಯಲ್ಲಿ ನಾನು ಒಂದು ಗೇಣು ಎತ್ತರವಾಗಿ ಕಂಡೆ.

"ಸಾಲಿಗೆ ಕರಕೊಂಡ ಹೊಂಟೀಯೋ, ಮದವಿಗೋ?" ಎಂದ ಮಾವ.

"ನೀವ ಸುಮ್ಮ ಮಗ್ಗ ನೋಡ್ರಿ," ಎಂದಳು. ಅವಳ ದನಿಯಲ್ಲಿ ನಗು ಇರಲಿಲ್ಲ.

ಚೀಲದಲ್ಲಿ ನನ್ನ ಒಂದೇ ಒಂದು ಲಂಗ ಇಟ್ಟಳು. ನಾನು ಅಕ್ಷರದ ಡಬ್ಬಿ ತೆಗೆದುಕೊಂಡಾಗ ಅದನ್ನು ಮತ್ತೆ ಗೋಡೆಯ ಗೂಡಿನಲ್ಲಿಟ್ಟು, "ಇಲ್ಲೇ ಇರ್ಲಿ. ನಾಳೆ ಬಂದ ಆಡೂಣು," ಎಂದಳು.

ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಗಾಳಿ ಬೀಸುತ್ತಿತ್ತು. ಅತ್ತೆ ಎರಡೂ ಕೈಯಿಂದ ನನ್ನ ತಲೆಯನ್ನು ಹಿಡಿದುಕೊಂಡು ನಿಂತಿದ್ದಳು.

ಬಾದಾಮಿಯ ಸಾಲೆಯಲ್ಲಿ ಹೋದ ವರ್ಷದ ಮಾಸ್ತರರೇ ಇದ್ದರು. ಅಪ್ಪ ಬಾಗಿಲ ಬಳಿ ನಿಂತ. ನಾನು ಕೈ ಎತ್ತಿ ತಲೆಯ ಮೇಲಿಂದ ತಂದೆ. ಬೆರಳು ಅಬ್ಬಲಿಗೆಯ ದಂಡೆಯಲ್ಲಿ ಸಿಕ್ಕಿಕೊಂಡಿತು. ಕಿವಿ ಬಹಳ ದೂರ ಉಳಿಯಿತು.

ಮಾಸ್ತರರು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಇನ್ನಾ ಸಣ್ಣಾಕಿ ಅದಾಳ್ರಿ. ಮುಂದಿನ ವರ್ಷ ಕರಕೊಂಡ ಬರ್ತೇನಿ."

ಮಾಸ್ತರರು ನನ್ನ ತಲೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. "ಅಲ್ಲಬೇ ಯವ್ವಾ, ಹ್ವಾದ ವರ್ಷ ಕೈ ಗಿಡ್ಡ ಇತ್ತು. ಈ ವರ್ಷ ತಲೀನ ಉದ್ದ ಆಗೇತೇನು? ಈ ಗುಡಿ ಶಿಖರ ಇಳಸ್ರಿ ಮದಲ."

ಸಾಲಾಗಿ ನಿಂತಿದ್ದ ಮಕ್ಕಳು, ಅವರ ತಾಯಂದಿರು ನಕ್ಕರು. ಅಪ್ಪ, "ಅಕ್ಕಾ, ಏನಿದು?" ಎಂದ.

"ಮದಲನೇ ದಿನ. ಚಂದ ಕಾಣ್ಲಿ ಅಂತ," ಎಂದಳು ಅತ್ತೆ. ಆಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ದಂಡೆ ಬಿಚ್ಚಿದಳು. ರೇಷ್ಮೆಯ ಉಂಡೆಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ನಾನು ಮತ್ತೆ ಕೈ ಎತ್ತಿದೆ. ಬೆರಳು ಕಿವಿಯನ್ನು ಮುಟ್ಟಿತು. ಮುಟ್ಟಿದ್ದಷ್ಟೇ ಅಲ್ಲ, ಕಿವಿಯನ್ನು ಹಿಡಿದು ಜಗ್ಗುವಷ್ಟು ಕೈ ಬೆಳೆದಿತ್ತು. ನನಗೆ ಎಲ್ಲಿಲ್ಲದ ಖುಷಿ. ಆರು ಕಾಳು ಮುಗಿದಿದ್ದವು, ಪಂದ್ಯ ಗೆದ್ದಿದ್ದೆ. ಕಿವಿ ಹಿಡಿದುಕೊಂಡೇ ಹಿಂದಿರುಗಿ, "ಅತ್ತಿ, ನೋಡಿಲ್ಲಿ!" ಎಂದು ಕೂಗಿದೆ. ಅತ್ತೆ ಬಗ್ಗಿ ನೆಲದ ಮೇಲೆ ಬಿದ್ದ ಪಿನ್ನು ಹುಡುಕುತ್ತಿದ್ದಳು. ಬಹಳ ಹೊತ್ತು ಹುಡುಕಿದಳು.

ಅಂದೇ ಮಧ್ಯಾಹ್ನದ ಬಸ್ಸಿಗೆ ಅವಳು ಇಳಕಲ್ಲಿಗೆ ಹೋದಳು. ಅವ್ವ, "ಉಂಡ ಹೋಗ್ರಿ ಅಕ್ಕಾರ," ಎಂದರೂ ನಿಲ್ಲಲಿಲ್ಲ. ಡಬ್ಬಿ ಕಳಿಸು ಎಂದು ನಾನು ಹೇಳಿದ್ದಕ್ಕೆ, "ಹೂಂ, ಕಳಸ್ತೇನಿ," ಎಂದಳು. ಕಳಿಸಲಿಲ್ಲ. ಸಾಲೆಯಲ್ಲಿ ಪಾಟಿಯ ಮೇಲೆ ಬರೆದ ಅಕ್ಷರ ಒರೆಸಿದರೆ ಹೋಗುತ್ತಿತ್ತು. ಕೈಯಲ್ಲಿ ಹಿಡಿಯಲು ಬರುತ್ತಿರಲಿಲ್ಲ. ಮೊದಮೊದಲು ಅದು ನನಗೆ ವಿಚಿತ್ರವೆನಿಸಿತು.

ಸಾಲೆಯ ಸೂಟಿಯಲ್ಲಿ ಅತ್ತೆಯ ಮನೆಗೆ ಹೋಗುತ್ತಿದ್ದೆ. ಮೊದಲು ತಿಂಗಳು, ಆಮೇಲೆ ವಾರ, ಕಾಲೇಜಿಗೆ ಬಂದ ಮೇಲೆ ಎರಡು ದಿನ. ಡಬ್ಬಿ ಗೂಡಿನಲ್ಲೇ ಇರುತ್ತಿತ್ತು. ಅವಳೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ವಿಶ್ವವಿದ್ಯಾಲಯದ ಓದು ಮುಗಿದು ಬಾಗಲಕೋಟೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಂದು ಸುಗ್ಗಿಯಲ್ಲಿ, ನಾನೇ ಅದನ್ನು ತೆರೆದೆ. ಗಂಜಿಯ ರುಚಿಗೆ ಹುಳ ಹತ್ತಿ ಅಕ್ಷರಗಳು ಮೆತ್ತಗಾಗಿದ್ದವು. ಎತ್ತಿದರೆ ಬರೀ ಬಣ್ಣದ ನೂಲು. ಯಾವುದು ಯಾವ ಅಕ್ಷರವೆಂದು ಹೇಳುವಂತಿರಲಿಲ್ಲ.

ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಾವನಿಗೆ ಆಗಲೇ ಕಣ್ಣು ಮಂಜಾಗಿತ್ತು, ನೇಯುತ್ತಿರಲಿಲ್ಲ. ಮಗ್ಗದ ಬದಿಯ ಗೋಡೆಯಲ್ಲಿ, ಸುಣ್ಣದ ಪದರುಗಳ ಕೆಳಗೆ, ಚುಕ್ಕೆಗಳು ಮಸುಕಾಗಿ ಕಾಣುತ್ತಿದ್ದವು. ಕೊನೆಯ ಸಾಲಿನಲ್ಲಿ ಒಂದು.

"ಅದರ ಮುಂದಿನ ಅಮಾಸಿಗೂ ಅಳದಿದ್ಲವಾ," ಎಂದ ಮಾವ, ನಾನು ಏನು ನೋಡುತ್ತಿರುವೆನೆಂದು ಕಂಡವನಂತೆ. "ಮಧ್ಯಾಹ್ನ ನೀ ಮಕ್ಕೊಂಡಿದ್ದಿ. ನಿನ್ನ ಕೈ ಹಿಡದು ಸಾವಕಾಶ ತಲಿ ಮ್ಯಾಲಿಂದ ತಂದ್ಲು. ಮುಟ್ಟಿತ್ತು. ಹಂಗ ಕೈ ಇಳಿಸಿ, ಕೆಮ್ಮಣ್ಣಿನ ಬಟ್ಟಲ ತಗೊಂಡ ಹೋಗಿ ತೊಳದ ಇಟ್ಲು. ನನ್ನ ಕೂಡ ಎರಡ ದಿನ ಮಾತಾಡ್ಲಿಲ್ಲ, ನಾ ಏನೋ ಕಸಗೊಂಡಂಗ."

ಅತ್ತೆ ಬಂದಳು. ಹಿಟ್ಟಿನ ಡಬ್ಬಿ ಇಳಿಸಿ, ನನ್ನನ್ನು ನೋಡಿ, "ಏನ ತಲಿ ಇದು, ಹುಲ್ಲಿನ ಬಣಿವಿ ಆದಂಗ ಆಗೇತಿ. ಬಾ ಇಲ್ಲೆ," ಎಂದು ಬಾಚಣಿಗೆ ತಂದಳು. ಬಾಗಿಲ ಮುಂದಿನ ಅದೇ ಹಾಸುಗಲ್ಲಿನ ಮೇಲೆ ನಾನು ಅವಳಿಗೆ ಬೆನ್ನು ಮಾಡಿ ಕುಳಿತೆ. ಅವಳು ಎಣ್ಣೆ ಹಚ್ಚಿ, ನಡುವೆ ಬೈತಲೆ ತೆಗೆದು, ಕೂದಲನ್ನು ಕೆಳಗೆ ಒತ್ತಿ ಒತ್ತಿ ಬಾಚತೊಡಗಿದಳು. ನನಗೆ ಹೇಳಬೇಕಾದ್ದು ಬಹಳ ಇತ್ತು. ಆ ದಿನ ಕಿವಿ ಹಿಡಿದುಕೊಂಡು ಹಾಗೆ ಕೂಗಬಾರದಿತ್ತು ಎಂಬುದು ಅದರಲ್ಲೊಂದು. ಅಂಥ ಮಾತು ನನಗೆ ಯಾವತ್ತೂ ಸಲೀಸಾಗಿ ಬರುವುದಿಲ್ಲ.

"ಅತ್ತಿ," ಎಂದೆ. "ಎತ್ತರ ಕಟ್ಟು."

ಬಾಚಣಿಗೆ ನಿಂತಿತು.

"ಈಗ ಕಟ್ಟಿ ಏನ ಮಾಡ್ತೀ," ಎಂದಳು. "ನಿನ್ನ ಕೈ ಭಾಳ ಉದ್ದ ಆಗ್ಯಾವು."

"ಇರ್ಲಿ. ಕಟ್ಟು."

ಅವಳು ಎದ್ದು ಒಳಗೆ ಹೋದಳು. ಬರುವಾಗ ಡಬ್ಬಿಯಲ್ಲಿದ್ದ ನೂಲನ್ನೆಲ್ಲ ಉಂಡೆ ಮಾಡಿ ತಂದಿದ್ದಳು. ನೆತ್ತಿಯ ಮೇಲಿಟ್ಟು, ಸುತ್ತ ಕೂದಲು ಸುತ್ತಿ, ಪಿನ್ನು ಚುಚ್ಚಿದಳು.

ಸಂಜೆಯ ಬಸ್ಸಿಗೆ ಹೊರಟೆ. ಹುನಗುಂದದಲ್ಲಿ ಗಾಳಿಯಿತ್ತು. ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ನನ್ನ ತಲೆಯನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, ಬಾಗಲಕೋಟೆಯ ಬಸ್ಸು ಬರುವವರೆಗೆ ನಿಂತಿದ್ದೆ.