ಒಂಬತ್ತರ ಫೈನಲ್, ಹನ್ನೊಂದರ ಪ್ರಾಕ್ಟಿಕಲ್

ಪ್ರಾಜಕ್ತಾ ರೇಡಿಗೆ ಇಳಿದಳೆಂದರೆ ಎದುರಿನ ಏಳೂ ಹುಡುಗಿಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಊರು ಶಿರಗುಪ್ಪಿ. ಚಿಕ್ಕೋಡಿಯ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ, ಹುಡುಗಿಯರ ಕಬಡ್ಡಿ ತಂಡಕ್ಕೆ ಕ್ಯಾಪ್ಟನ್. ಅಪ್ಪ ಲಗಮಣ್ಣನದು ನಾಲ್ಕೆಕರೆ ಕಬ್ಬು. ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದ ದಿನವೇ ಅವನು ಕರಾರು ಹಾಕಿಬಿಟ್ಟಿದ್ದ.

"ಆಡು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ ವಿಷಯ ನಪಾಸಾದ್ರೂ ಆಟ ಬಂದ್. ಏನಂತಿ?"

"ಆತಪ್ಪಾ."

ಆತಪ್ಪಾ ಅನ್ನುವುದೇನೋ ಸುಲಭ. ಬೆಳಿಗ್ಗೆ ಮೈದಾನ, ಹತ್ತಕ್ಕೆ ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ಮತ್ತೆ ಮೈದಾನ. ಓದುವುದು ಯಾವಾಗ? ಅದಕ್ಕೂ ಅವಳೊಂದು ದಾರಿ ಹುಡುಕಿದಳು. ಪ್ರಾಕ್ಟೀಸಿನಲ್ಲಿ ರೇಡಿಗೆ ಹೋದಾಗ "ಕಬಡ್ಡಿ ಕಬಡ್ಡಿ" ಅನ್ನುವ ಬದಲು ರಸಾಯನಶಾಸ್ತ್ರ ಒದರತೊಡಗಿದಳು. "ಸಲ್ಫೇಟಿಗೆ ಬೇರಿಯಂ, ಕ್ಲೋರೈಡಿಗೆ ಸಿಲ್ವರ್, ಸಲ್ಫೇಟಿಗೆ ಬೇರಿಯಂ..." ಎಲ್ಲ ಒಂದೇ ಉಸಿರಿನಲ್ಲಿ!

ಮೂಲೆಯಲ್ಲಿ ನಿಂತ ಗೆಳತಿ ಸ್ನೇಹಲಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಏ ಪ್ರಾಜೂ, ನಿನ್ನ ಹಿಡೀಲ್ಯೋ, ವಹಿ ತಗದು ಬರಕೋಲ್ಯೋ?"

ಕೋಚ್ ದುಂಡೇಶ ಸರ್ ಮಾತ್ರ ನಗಲಿಲ್ಲ. "ಮ್ಯಾಚಿನ್ಯಾಗ ಹಿಂಗ ಮಾಡಿದ್ರ ಪಾಯಿಂಟ್ ಅವ್ರಿಗಿ ಹೋಗ್ತೈತವ್ವಾ."

"ಮ್ಯಾಚಿನ್ಯಾಗ ಮಾಡಂಗಿಲ್ರಿ ಸರ್."

ಅಂತರ ಕಾಲೇಜು ಫೈನಲ್ ಬಂತು; ಇದರಲ್ಲಿ ಚೆನ್ನಾಗಿ ಆಡಿದವರಿಗೆ ಯುನಿವರ್ಸಿಟಿ ತಂಡದ ಆಯ್ಕೆಗೆ ಕರೆ. ಅದೇ ದಿನ ಅವಳ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯೂ ಇತ್ತು; ಕೊಟ್ಟ ಪುಡಿ ಯಾವುದೆಂದು ಪತ್ತೆ ಹಚ್ಚಬೇಕು. ಮ್ಯಾಚು ಒಂಬತ್ತಕ್ಕೆ, ಪರೀಕ್ಷೆ ಹನ್ನೊಂದಕ್ಕೆ, ಎರಡೂ ಒಂದೇ ಕಾಲೇಜಿನಲ್ಲಿ. ಲ್ಯಾಬಿನ ಪಾರಿಸ ಸರ್ ಮೊದಲೇ ಹೇಳಿದ್ದರು: "ಹನ್ನೊಂದೂ ಕಾಲಿಗಿ ಬಾಗಲಾ ಹಾಕ್ತೀನಿ. ಆಮ್ಯಾಲ ಯಾರ ಬಂದ್ರೂ ತಗ್ಯಾಂಗಿಲ್ಲ." ಒಂಬತ್ತಕ್ಕೆ ಶುರುವಾದರೆ ಹತ್ತರೊಳಗೆ ಆಟ ಮುಗಿಯುತ್ತದೆ, ಚಿಂತೆಯಿಲ್ಲ ಎಂದುಕೊಂಡಿದ್ದಳು.

ಆದರೆ ನಮ್ಮ ಕಡೆ ಸತ್ಕಾರ ಆಗದೆ ಯಾವ ಆಟ ಶುರುವಾಗಿದೆ? ಅತಿಥಿಗಳು ಬಂದದ್ದೇ ಒಂಬತ್ತೂವರೆಗೆ. ಒಬ್ಬೊಬ್ಬರಿಗೂ ಶಾಲು, ಹಾರ, ತೆಂಗಿನಕಾಯಿ, ತಲೆಗೆ ಫೇಟಾ. ಒಬ್ಬರ ಫೇಟಾ ಬಿಚ್ಚಿ ಹೋಗಿ ಮತ್ತೆ ಸುತ್ತಿದರು. ಸೀಟಿ ಊದಿದಾಗ ಹತ್ತೂ ಇಪ್ಪತ್ತು.

ಎದುರಿಗೆ ನಿಪ್ಪಾಣಿ ಕಡೆಯ ಗಟ್ಟಿ ತಂಡ. ಅರ್ಧ ಆಟಕ್ಕೆ ಅಂಕ ಸಮ ಸಮ. ದುಂಡೇಶ ಸರ್ ಗಡಿಯಾರ ನೋಡಿ ಮೆಲ್ಲಗೆ ಹೇಳಿದರು: "ನೀ ಬೇಕಾದ್ರ ಹೋಗವ್ವಾ. ಯಾರೂ ಏನೂ ಅನ್ನಂಗಿಲ್ಲ."

"ಮುಗಿಸೇ ಹೋಗ್ತೀನ್ರಿ" ಅಂದಳು.

ಅಂದಳೇನೋ ಸರಿ, ಮನಸ್ಸು ಮಾತ್ರ ಆಗಲೇ ಲ್ಯಾಬಿನ ಮೆಟ್ಟಿಲು ಹತ್ತುತ್ತಿತ್ತು. ಇನ್ನೆರಡು ನಿಮಿಷ ಉಳಿದಿದೆ, ಚಿಕ್ಕೋಡಿಗೆ ಒಂದಂಕದ ಮುನ್ನಡೆ. ರೇಡಿಗೆ ಇಳಿದ ಪ್ರಾಜಕ್ತಾಳ ಬಾಯಿಂದ ಬಂದದ್ದು "ಕ್ಲೋರೈಡಿಗೆ ಸಿಲ್ವರ್, ಕ್ಲೋರೈಡಿಗೆ..." ಅಂಪೈರ್ ಸೀಟಿ ಊದಿ ಕೈಯೆತ್ತಿದರು. ಅಂಕ ಎದುರಾಳಿಗೆ. ಮತ್ತೆ ಸಮ.

ಮೈದಾನವೆಲ್ಲ ನಕ್ಕಿತು. ಅವಳ ಕಿವಿ ಕೆಂಪಾದವು. ಸ್ನೇಹಲ ಬಂದು ಬೆನ್ನಿಗೊಂದು ಗುದ್ದಿದಳು. "ಹೋಗ್ಲಿ ಬಿಡಲೇ. ಮುಂದಿನ ರೇಡಿಗಿ ಕನ್ನಡದಾಗ ಬಾ."

ನಿಪ್ಪಾಣಿಯ ರೇಡರ್ ಬರಿಗೈಲಿ ಮರಳಿದಳು. ಕೊನೆಯ ರೇಡು ಪ್ರಾಜಕ್ತಾಳದು. ಈ ಸಲ ಕಬಡ್ಡಿ ಕಬಡ್ಡಿ ಅನ್ನುವ ದನಿ ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಿತು. ಮೂಲೆಯವಳು ಕಾಲಿಗೆ ಬಿದ್ದಳು, ಇನ್ನೊಬ್ಬಳು ಸೊಂಟ ಹಿಡಿದಳು. ಇಬ್ಬರನ್ನೂ ಎಳೆದುಕೊಂಡೇ ಬಂದು ಗೆರೆಗೆ ಕೈ ಚಾಚಿದಳು. ಗೆದ್ದರು!

ಗೆಳತಿಯರು ಎತ್ತಿ ಕುಣಿಸುವಷ್ಟರಲ್ಲಿ ಅವಳು ಅಲ್ಲಿರಲೇ ಇಲ್ಲ. ಮೊಣಕಾಲಿನಲ್ಲಿ ನೀಕ್ಯಾಪ್, ಮೈತುಂಬ ಮಣ್ಣು, ಎರಡೆರಡು ಮೆಟ್ಟಿಲು ಹಾರುತ್ತಾ ಲ್ಯಾಬಿಗೆ. ಹನ್ನೊಂದೂ ಹನ್ನೆರಡು. ಪಾರಿಸ ಸರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಮ್ಮದೇ ಏಪ್ರನ್ ಬಿಚ್ಚಿ ಕೊಟ್ಟರು. "ಮೊದಲ ಕೈ ತೊಳಕೋ. ಪುಡಿ ಪರೀಕ್ಷಾ ಮಾಡಾಕ ಬಂದಿ, ಮಣ್ಣು ಪರೀಕ್ಷಾ ಅಲ್ಲ."

ಕೆಳಗೆ ಬಹುಮಾನದ ಹೊತ್ತು. ಕ್ಯಾಪ್ಟನ್ ಎಲ್ಲಿ ಅಂದರೆ ಇಲ್ಲ. ಆಟ ನೋಡಲು ಬಂದಿದ್ದ ಲಗಮಣ್ಣನನ್ನೇ ವೇದಿಕೆಗೆ ಕರೆದರು, ಫೇಟಾ ಸುತ್ತಿ ಕಪ್ ಕೊಟ್ಟರು. ಮಾತಾಡಿ ಅಂದರೆ "ನಂದೇನೈತ್ರಿ, ಎಲ್ಲಾ ನಮ್ಮ ಪ್ರಾಜಕ್ತಾಂದ" ಎಂದು ಇಳಿದುಬಿಟ್ಟ. ಹುಡುಗಿಯರು ಹಲಗಿ ಬಾರಿಸುತ್ತಾ ಅವನ ಹಿಂದೆಯೇ ಲ್ಯಾಬಿನತ್ತ ಹೊರಟರೆ, ಮೆಟ್ಟಿಲ ಬಳಿ ತಿರುಗಿ ನಿಂತು ಗದರಿದ:

"ಸುಮ್ನಿರ್ರೆವ್ವಾ! ನನ್ನ ಮಗಳು ಒಳಗ ಪರೀಕ್ಷಾ ಬರ್ಯಾಕತ್ತಾಳ!"

ಬಾಗಿಲೆದುರಿನ ಬೆಂಚಿನ ಮೇಲೆ, ಕಪ್ ತೊಡೆಯ ಮೇಲಿಟ್ಟುಕೊಂಡು, ಮೂರು ತಾಸು ಕದಲದೆ ಕೂತ. ನೀರಿಗೂ ಏಳಲಿಲ್ಲ. ಪ್ರಾಜಕ್ತಾ ಹೊರಬಂದಾಗ ಅವನು ಕಪ್ಪಿನ ಮಾತೇ ಎತ್ತಲಿಲ್ಲ.

"ಹೆಂಗಾತ?"

"ಪುಡಿ ಬರೋಬರ ಹುಡಕೇನಪ್ಪಾ. ಪಾಸಂತೂ ಪಕ್ಕಾ."

ಲಗಮಣ್ಣ ಕಪ್ ಅವಳ ಕೈಗಿಟ್ಟ. "ಯುನಿವರ್ಸಿಟಿ ಟೀಮಿನ ಆಯ್ಕೆ ಯಾವತ್ತಂತ ಹೇಳಿಲ್ಲಲಾ ನೀ?"

"ಬರೂ ಸೋಮವಾರ. ಯಾಕಪ್ಪಾ?"

"ಯಾಕಂದ್ರ? ನಾನೂ ಬರ್ತೀನಿ. ಕಬ್ಬಿಗಿ ನೀರ ಬಿಡಾಕ ನಿಮ್ಮವ್ವ ಅದಾಳ."