ಕಾಕು ಬಾಯಿ ಮುಚ್ಚಿದ್ದು

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಮ್ಮ, ನಾವೆಲ್ಲ ಕರೆಯುತ್ತಿದ್ದಂತೆ ಕಾಕು, ಅಸ್ತಮಾ ಇದ್ದರೂ ಮಾತು ನಿಲ್ಲಿಸುತ್ತಿರಲಿಲ್ಲ. ಬಾಯಿಂದಲೇ ಗಾಳಿ ಎಳೆದುಕೊಂಡು ಮುಂದುವರಿಸುತ್ತಿದ್ದರು. ದವಾಖಾನೆಯ ಡಾಕ್ಟರು ಔಷಧದ ಜೊತೆಗೆ, ಮೂಗಿನಿಂದ ನಿಧಾನವಾಗಿ ಉಸಿರಾಡುವುದನ್ನೂ ಕಲಿಸಿದರು. ಅಂದಿನಿಂದ ರೊಟ್ಟಿ ಬಡಿಯುವಾಗ ಯಾರು ಮಾತಾಡಿಸಿದರೂ ಕಾಕು ತುಟಿ ಬಿಗಿದು ಮೂಗು ತೋರಿಸುತ್ತಿದ್ದರು.

“ಡಾಕ್ಟರಿಗೆ ಶಾಲು ಹೊದಸಬೇಕ್ರಿ!” ಎಂದು ಅವರ ಗಂಡ, ನಮ್ಮ ಕಾಕಾ, ಓಣಿಗೆಲ್ಲ ಹೇಳಿ ನಗುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಎಲ್ಲರೂ ಬಾದಾಮಿಗೆ ಹೋದೆವು. ಹಿಂದೊಮ್ಮೆ ಗುಹೆಗಳ ಮೆಟ್ಟಿಲ ಬುಡದಲ್ಲೇ ಉಸಿರು ಕಟ್ಟಿ, ಕಣ್ಣೀರಿಟ್ಟು ಮರಳಿದ್ದ ಕಾಕು, ಈ ಸಲ ಇನ್ಹೇಲರ್ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ತೆರೆಯದೆ ಒಂದೊಂದೇ ಮೆಟ್ಟಿಲು ಹತ್ತಿದರು. ಅವರನ್ನು ಮಾತಿಗೆಳೆಯಲು ದಾರಿಯುದ್ದಕ್ಕೂ ಹರಟಿದ ಕಾಕಾ ಅರ್ಧಕ್ಕೇ ಏದುಸಿರು ಬಿಡುತ್ತ ಕುಳಿತುಬಿಟ್ಟರು.

ಆಗ ಮೇಲಿನಿಂದ ಕಾಕುವಿನ ದನಿ ಕೇಳಿಸಿತು: “ಏನ್ರಿ, ಬುತ್ತಿ ಬಿಚ್ಚೇನಿ! ಮಂಗ್ಯಾಗೋಳು ಬರೂಕಿಂತ ಮೊದ್ಲ ಬರ್ರಿ!”